ನೀಲಿ ಹಾಕದ ಬಿಳಿ

ಎಮ್ಮಿಗನೂರು
13 ಜುಲೈ 2025, ಭಾನುವಾರ

ಆದೋನಿಯಲ್ಲಿರುವ ನಿಮಗೆ ರಾಮಲಕ್ಷ್ಮಿಯ ನಮಸ್ಕಾರಗಳು.

ಲಕೋಟೆಯ ಮೇಲೆ ನಾಗಭೂಷಣ ಎಂದು ಬರೆದಿದ್ದೇನೆ. ಮದುವೆಯಾದಂದಿನಿಂದ ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಒಮ್ಮೆ ಒಂದು ಕಾಗದದ ಕೆಳಗೆ, ನೀವೇ ಬರೆದ ಹಾಗೆ, ನಿಮ್ಮ ಹೆಸರು ಬರೆದಿದ್ದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇದನ್ನು ಬೇರೆ ಯಾರ ಕೈಯಲ್ಲೂ ಓದಿಸಬೇಡಿ, ನಿಮ್ಮ ತಂಗಿ ಭಾಗ್ಯಳ ಕೈಯಲ್ಲೂ ಬೇಡ. ನೀವು ಐದನೆಯ ತರಗತಿಯವರೆಗೆ ಕನ್ನಡ ಶಾಲೆಗೆ ಹೋದವರು. ನಿಧಾನವಾದರೂ ಓದಬಲ್ಲಿರಿ. ಅಕ್ಷರಗಳನ್ನು ಬಿಡಿಸಿ, ದೊಡ್ಡದಾಗಿ ಬರೆಯುತ್ತಿದ್ದೇನೆ. ನಿಮಗೂ ಒಂದು ಕಾಗದಕ್ಕೂ ನಡುವೆ ಇನ್ನೊಬ್ಬರು ಕೂತರೆ ಏನಾಗುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿದೆ. ನನಗೆ ನಿಮಗಿಂತ ಹೆಚ್ಚು ಗೊತ್ತಿದೆ.

ಕಳೆದ ತಿಂಗಳು ನೇಕಾರರ ಸೊಸೈಟಿಯ ಗುಮಾಸ್ತ ಲಕ್ಷ್ಮಿಕಾಂತ್ ನಿಮ್ಮ ಹೆಸರಿಗೆ ಬಂದಿದ್ದ ಒಂದು ಲಕೋಟೆ ತಂದುಕೊಟ್ಟ. ಫ್ರಾನ್ಸಿನಿಂದ ಬಂದದ್ದು. ಬರೆದವಳು ಕ್ಲೇರ್, ಮದಾಂ ಒದೀಲ್ ಅವರ ಮಗಳು. ಒದೀಲ್ ಅವರನ್ನು ನೀವು ಮರೆತಿರಲಾರಿರಿ. ಎತ್ತರದ ಹೆಂಗಸು, ನಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕೂತು, ಅತ್ತೆ ಕೊಟ್ಟ ಮಂಡಕ್ಕಿ ಒಗ್ಗರಣೆಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡವರು. ಅವರು ಹೋದ ಚಳಿಗಾಲದಲ್ಲಿ ತೀರಿಕೊಂಡರಂತೆ. ಈಗ ದ್ರಾಕ್ಷಿ ತೋಟವನ್ನೂ ವೈನ್ ಮಾಡುವ ಕೆಲಸವನ್ನೂ ಕ್ಲೇರ್ ಮತ್ತು ಅವಳ ತಮ್ಮ ನೋಡಿಕೊಳ್ಳುತ್ತಿದ್ದಾರೆ. ಆ ಮನೆಯಲ್ಲಿ ಇವರದು ಐದನೆಯ ತಲೆಮಾರು. ನೀವು ನೇಯ್ದ ಆರು ಮೇಜುಬಟ್ಟೆಗಳಲ್ಲಿ ಐದು ಸವೆದಿವೆ, ಆರನೆಯದು ನಡುವೆ ತೆಳುವಾಗಿದೆ. ಅದೇ ಕೈಯಿಂದ ಇನ್ನಾರು ಬೇಕು ಎಂದು ಕೇಳಿದ್ದಾಳೆ.

ಬೇರೆ ಎರಡು ಮಾತನ್ನೂ ಕೇಳಿದ್ದಾಳೆ. ನಿಮ್ಮ ತಾಯಿಯವರ ಮುರಿದ ಕಾಲು ವಾಸಿಯಾಯಿತೇ ಎಂಬುದು ಒಂದು. ತಾಯಿ ಕಳಿಸಿದ್ದ ಆ ವೈನ್ ಬಾಟಲಿಯನ್ನು ನಿಮ್ಮ ಬಟ್ಟೆಯ ಮುಂದೆ ಹಿಡಿದು ನೋಡಿದಿರಾ, ನಿಮಗೆ ಯಾವ ಬಣ್ಣ ಕಂಡಿತು ಎಂಬುದು ಇನ್ನೊಂದು. ಅವಳ ತಾಯಿ ಇದನ್ನು ಕೊನೆಯವರೆಗೂ ನೆನೆಯುತ್ತಿದ್ದರಂತೆ.

ಎರಡಕ್ಕೂ ಉತ್ತರ ಕೊಡಬೇಕಾದವಳು ನಾನು. ಕ್ಲೇರ್‌ಳಿಗಲ್ಲ, ಮೊದಲು ನಿಮಗೆ.

ಎಲ್ಲಿಂದ ಶುರು ಮಾಡಲಿ? ಬಟ್ಟೆಯಿಂದಲೇ ಶುರು ಮಾಡುತ್ತೇನೆ. ಅಲ್ಲಿ ನಾನಿನ್ನೂ ತಪ್ಪು ಮಾಡಿರಲಿಲ್ಲ.

ಒದೀಲ್ ಬಂದದ್ದು 2016ರ ಡಿಸೆಂಬರಿನಲ್ಲಿ. ನೀವು ಶ್ರಾವಣದಲ್ಲಿ ಉರುಕುಂದದ ಈರಣ್ಣಸ್ವಾಮಿಯ ಮುಂದೆ ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿ ನಾಲ್ಕು ತಿಂಗಳಾಗಿತ್ತು. ಅವರಿಗೆ ಬೇಕಾಗಿದ್ದದ್ದು ಬಿಳಿ ಬಟ್ಟೆ. ಸೊಸೈಟಿಯಲ್ಲಿ ತೋರಿಸಿದ್ದನ್ನೆಲ್ಲ ಬೇಡವೆಂದರು. ಲಕ್ಷ್ಮಿಕಾಂತ್ ಬೇಸತ್ತು ನಮ್ಮ ಮನೆಗೆ ಕರೆತಂದ. ನಾನು ಪಾಠ ಮುಗಿಸಿ ಶಾಲೆಯಿಂದ ಆಗ ತಾನೇ ಬಂದಿದ್ದೆ, ಅವರ ಇಂಗ್ಲಿಷನ್ನು ನಿಮಗೆ ಕನ್ನಡದಲ್ಲಿ ಹೇಳಲು ನಿಂತೆ. ವೈನನ್ನು ಗಾಜಿನ ಲೋಟಕ್ಕೆ ಹಾಕಿ, ಬಿಳಿ ಬಟ್ಟೆಯ ಮುಂದೆ ಓರೆಯಾಗಿ ಹಿಡಿದು ಬಣ್ಣ ನೋಡುತ್ತಾರಂತೆ. ರುಚಿ ನೋಡುವುದು ಆಮೇಲಂತೆ. ಪೇಟೆಯ ಬಿಳಿ ಬಟ್ಟೆಯೆಲ್ಲ ಒಳಗೊಳಗೇ ನೀಲಿ, ಅದರ ಮುಂದೆ ತಮ್ಮ ವೈನ್ ಕಾಯಿಲೆ ಬಿದ್ದ ಹಾಗೆ ಕಾಣುತ್ತದೆ ಎಂದರು. ನೀವು ಮಗ್ಗದಿಂದ ಏಳದೆ ಹೇಳಿದಿರಿ, "ಬಿಳಿ ಅಂದ್ರ ಹತ್ತಿ ಹೆಂಗ ಐತೋ ಹಂಗ ಇರಬೇಕ್ರಿ. ನೀಲಿ ಹಾಕಿದ್ರ ಅದು ಸುಳ್ಳು ಬಿಳಿ." ನಾನು ಅದನ್ನು ಒಂದು ಅಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಒದೀಲ್ ನಕ್ಕು ಎದ್ದು ಬಂದು, ಮಗ್ಗದ ಮೇಲಿದ್ದ ಬಟ್ಟೆಯನ್ನು ಕೈಯ ಹಿಂಬದಿಯಿಂದ ಮುಟ್ಟಿದರು. ಅತ್ತೆ ಅಡುಗೆಮನೆಯಿಂದ, "ಅಕಿ ನನ್ನ ಮಗನ್ನ ಮುಟ್ಟಾಕತ್ಯಾಳೋ, ಬಟ್ಟೀನೋ, ನೋಡವ್ವಾ," ಎಂದರು. ಅಂದು ನಾವೆಲ್ಲ ನಕ್ಕಿದ್ದು ಒಳ್ಳೆಯ ನಗು.

ಬಾಟಲಿ ಬಂದದ್ದು 2018ರ ಏಪ್ರಿಲ್‌ನಲ್ಲಿ. ಹೈದರಾಬಾದಿನ ವ್ಯಾಪಾರಿಯೊಬ್ಬರು ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ತಂದುಕೊಟ್ಟರು. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಕಾಗದ, ಒಂದೇ ಹಾಳೆ, ಒಂದೇ ಮಗ್ಗುಲಲ್ಲಿ ಒತ್ತೊತ್ತಾಗಿ ಬರೆದದ್ದು. ಅದನ್ನು ನಿಮಗೆ ಓದಿ ಹೇಳಿದವಳು ನಾನು.

ಏನು ಓದಿದೆ ಎಂಬುದು ನಿಮಗೆ ನೆನಪಿರಬಹುದು. ಇದು ನಮ್ಮ ತೋಟದ ಅತ್ಯುತ್ತಮ ವರ್ಷದ ವೈನ್. ಸುಣ್ಣಕಲ್ಲಿನ ಇಳಿಜಾರಿನಲ್ಲಿ ನಮ್ಮ ಮುತ್ತಜ್ಜ ನೆಟ್ಟ ಬಳ್ಳಿಗಳ ಹಣ್ಣಿನದು. ಕೈಯಿಂದಲೇ ಕಿತ್ತು, ಬೆಟ್ಟದೊಳಗೆ ಕೊರೆದ ನೆಲಮಾಳಿಗೆಯಲ್ಲಿ ಮರದ ಪೀಪಾಯಿಯಲ್ಲಿ ಎರಡು ವರ್ಷ ಮಲಗಿಸಿದ್ದು. ಇದರಲ್ಲಿ ಸಿಹಿ ಇಲ್ಲ. ಹಣ್ಣಿನ ಸಕ್ಕರೆಯೆಲ್ಲ ಕರಗಿಹೋಗುವವರೆಗೆ ಕಾದಿದ್ದೇವೆ. ಬಾಯಿಗೆ ಹಾಕಿದರೆ ಮೊದಲು ನಿಂಬೆಯ ಸಿಪ್ಪೆ, ಕೊನೆಗೆ ಮಳೆ ಬಿದ್ದ ಕಲ್ಲು. ಬಾಟಲಿಯನ್ನು ಮಲಗಿಸಿಡಿ, ಕತ್ತಲೆಯಲ್ಲಿ, ತಂಪಿನಲ್ಲಿ. ಹಾಗಿಟ್ಟರೆ ಹದಿನೈದು ವರ್ಷ ಬಾಳುತ್ತದೆ. ನೀವು ಕುಡಿಯುವುದಿಲ್ಲವೆಂದು ತಿಳಿದಿದೆ, ಅದಕ್ಕೇ ಕುಡಿಯಿರಿ ಎನ್ನುವುದಿಲ್ಲ. ನಿಮ್ಮ ಬಟ್ಟೆಯ ಮುಂದೆ ಹಿಡಿದು ನೋಡಿ. ಒಣಹುಲ್ಲಿನ ಬಣ್ಣ, ಅಂಚಿನಲ್ಲಿ ಮಾತ್ರ ಒಂದು ಎಳೆ ಹಸಿರು. ಆ ಹಸಿರು ನಿಮ್ಮ ಬಟ್ಟೆಯ ಮುಂದೆ ಬಿಟ್ಟು ಬೇರೆಲ್ಲೂ ನಮಗೆ ಕಂಡಿಲ್ಲ.

ಅಲ್ಲಿಗೆ ನಾನು ನಿಲ್ಲಿಸಿದೆ, "ಅಷ್ಟೇ ರೀ, ನಮಸ್ಕಾರ ಅಂತ ಬರದಾರ" ಎಂದೆ.

ಅಷ್ಟೇ ಆಗಿರಲಿಲ್ಲ. ಅದೇ ಪುಟದಲ್ಲಿ, ಆ ಹಸಿರಿನ ಮಾತಿನ ಕೆಳಗೆ ಇನ್ನೂ ಎಂಟು ಸಾಲುಗಳಿದ್ದವು. ಸೆಪ್ಟೆಂಬರಿನಲ್ಲಿ ದ್ರಾಕ್ಷಿ ಕೊಯ್ಲು. ಆಗ ನೀವು ಬಂದು ಎರಡು ತಿಂಗಳು ನಮ್ಮ ಮನೆಯಲ್ಲಿರಬೇಕು. ಕೊಯ್ಲಿಗೆ ಬರುವ ಜನರೆದುರು ಮಗ್ಗ ಹೂಡಿ, ಬಟ್ಟೆ ಹೇಗೆ ಹುಟ್ಟುತ್ತದೆ ಎಂದು ತೋರಿಸಬೇಕು. ಕಿಟಕಿಯ ಪಕ್ಕ ನೆಲ ಅಗೆಸಿ, ನಿಮ್ಮಲ್ಲಿರುವ ಹಾಗೆಯೇ ಮಗ್ಗದ ಕುಣಿ ತೋಡಿಸುತ್ತೇವೆ. ಬಂದುಹೋಗುವ ಏರ್ಪಾಡು ನಮ್ಮದು. ಒಂದು ಮಾತು ಬರೆಯಿರಿ, ಸಾಕು.

ಇದು ನಿಮಗೆ ಹೋಗಬೇಕಾಗಿದ್ದ ಕರೆ. ಏಳು ವರ್ಷ ತಡವಾಗಿ ಹೇಳುತ್ತಿದ್ದೇನೆ.

ಯಾಕೆ ಬಿಟ್ಟೆ? ವೈನ್ ಮಾಡುವ ಮನೆಗೆ, ಮೂರು ಹೊತ್ತೂ ಅದನ್ನೇ ನೀರಿನಂತೆ ಮೇಜಿನ ಮೇಲಿಡುವ ಮನೆಗೆ, ಆಣೆ ಮಾಡಿ ಎರಡು ವರ್ಷವೂ ತುಂಬದ ಗಂಡನನ್ನು ಹೇಗೆ ಕಳಿಸಲಿ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಹಿಂದಿನ ದಿನಗಳನ್ನು ನೀವೂ ಮರೆತಿಲ್ಲ. ಹೋಳಿಯ ದಿನ ನಿಮ್ಮನ್ನು ಬಸ್ ನಿಲ್ದಾಣದಿಂದ ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ತಂದದ್ದು, ನನ್ನ ಶಾಲೆಯ ಮಕ್ಕಳು ಗಾಡಿಯ ಹಿಂದೆ ಬಂದದ್ದು. ಆ ಭಯ ನಿಜವೇ.

ಆದರೆ ಅದು ಅರ್ಧ. ಉಳಿದರ್ಧವನ್ನು ಬರೆಯಲು ಈ ಬೆಳಿಗ್ಗೆಯಿಂದ ಮೂರು ಹಾಳೆ ಹರಿದಿದ್ದೇನೆ.

ನಾನು ಇಪ್ಪತ್ತು ವರ್ಷದಿಂದ ಆ ದೇಶದ ಕಾದಂಬರಿಗಳನ್ನು ಕನ್ನಡದಲ್ಲಿ ಓದಿಕೊಂಡು ಬಂದವಳು. ಅಲ್ಲಿನ ಹಳ್ಳಿಯ ಚೌಕ, ಮಂಜು ಮುಸುಕಿದ ಬೆಳಗಿನಲ್ಲಿ ರೊಟ್ಟಿ ಅಂಗಡಿಯ ಬಾಗಿಲು ತೆರೆಯುವ ಸದ್ದು, ಕೊಯ್ಲಿನ ಮೊದಲ ದಿನದ ಊಟ, ಎಲ್ಲ ನನಗೆ ನಮ್ಮ ಓಣಿಗಿಂತ ಚೆನ್ನಾಗಿ ಗೊತ್ತು. ನೀವು ಒಂದು ದಿನವೂ ಆ ಪುಸ್ತಕಗಳಲ್ಲಿ ಏನಿದೆ ಎಂದು ಕೇಳಿದವರಲ್ಲ. ಕೊನೆಗೆ ಆ ದೇಶದಿಂದ ನಮ್ಮ ಮನೆಗೆ ಕರೆ ಬಂದಾಗ ಅದು ಬಂದದ್ದು ನಿಮಗೆ. ನನ್ನ ಹೆಸರು ಆ ಎಂಟು ಸಾಲಿನಲ್ಲಿ ಎಲ್ಲೂ ಇರಲಿಲ್ಲ. ನಾನು ಅವರಿಗೆ ನಿಮ್ಮ ಬಾಯಿ ಅಷ್ಟೇ. ಅದು ನನಗೆ ಚುಚ್ಚಿತು. ಅನುವಾದಕರು ಮೂಲದ ಸಾಲು ಬಿಟ್ಟಿದ್ದಾರೆಂದು ಅನುಮಾನ ಬಂದರೆ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕುವವಳು ನಾನು. ಆ ದಿನ ನಾನೇ ಎಂಟು ಸಾಲು ಬಿಟ್ಟೆ, ಯಾವ ಗುರುತನ್ನೂ ಹಾಕಲಿಲ್ಲ.

ಮೇ ತಿಂಗಳಲ್ಲಿ ಉತ್ತರ ಬರೆದೆ. ನನ್ನ ತಾಯಿಯ ಕಾಲು ಮುರಿದಿದೆ, ಬರಲಾರೆ, ಕ್ಷಮಿಸಿ. ಕೆಳಗೆ ನಿಮ್ಮ ಹೆಸರು ಬರೆದೆ. ಅತ್ತೆ ಆಗ ದಿನಕ್ಕೆರಡು ಸಲ ಮಾರ್ಕೆಟ್ಟಿಗೆ ನಡೆದು ಹೋಗಿ, ತರಕಾರಿಯವರೊಂದಿಗೆ ತೆಲುಗಿನಲ್ಲಿ ಜಗಳವಾಡಿ, ಕನ್ನಡದಲ್ಲಿ ರಾಜಿಯಾಗಿ ಬರುತ್ತಿದ್ದರು.

ಇನ್ನು ಬಾಟಲಿ. ಆಣೆ ಮಾಡಿದ ಮನೆಯಲ್ಲಿ ಅದು ಬೇಡ, ಯಾರಿಗಾದರೂ ಕೊಟ್ಟುಬಿಡಿ ಎಂದೆ. ನೀವು ಹೂಂ ಎಂದಿರಿ. ಆಗಸ್ಟಿನಲ್ಲಿ ನೀವು ಸೊಸೈಟಿಗೆ ನೂಲು ತರಲು ಹೋಗಿದ್ದಾಗ, ಲಾಳಿಯೊಂದು ಮಗ್ಗದ ಕುಣಿಯೊಳಗೆ ಬಿದ್ದಿದೆಯೆಂದು ಇಳಿದು ನೋಡಿದೆ. ನೀವು ಕಾಲು ಇಳಿಬಿಡುವ ಆ ಕುಣಿಯ ಮೂಲೆಯಲ್ಲಿ, ಗೋಡೆಗೆ ಕೊರೆದ ಗೂಡಿನಲ್ಲಿ, ಬಾಟಲಿ ಮಲಗಿತ್ತು. ಒದೀಲ್ ಅವರಿಗೆ ನೇಯ್ದ ಬಟ್ಟೆಯಲ್ಲಿ ಉಳಿದಿದ್ದ ತುಂಡನ್ನು ನೆನೆಸಿ ಸುತ್ತಿದ್ದಿರಿ. ಬೇಸಿಗೆಯುದ್ದಕ್ಕೂ ದಿನಾ ಬೆಳಿಗ್ಗೆ ನೀವು ಆ ತುಂಡನ್ನು ಒದ್ದೆ ಮಾಡುವುದನ್ನು ಕಂಡು, ಮುಖ ಒರೆಸಿಕೊಳ್ಳಲು ಎಂದುಕೊಂಡಿದ್ದೆ. ಕುಣಿಯಲ್ಲಿ ಹುಳಿ ವಾಸನೆ ಇತ್ತು. ಅದು ಹಾಸುನೂಲಿಗೆ ಹಚ್ಚುವ ಗಂಜಿ ಹಳಸಿದ ವಾಸನೆ. ನೇಕಾರರ ಮನೆಯಲ್ಲಿ ಹನ್ನೆರಡು ವರ್ಷ ಬಾಳಿದವಳಿಗೆ ಅದು ಗೊತ್ತಾಗಬೇಕಿತ್ತು. ಗೊತ್ತಾಗುವ ಮೊದಲೇ, ನೀವು ಮತ್ತೆ ಕುಡಿಯುತ್ತಿದ್ದೀರೆಂದು ನಾನು ಕೂಗಿಬಿಟ್ಟಿದ್ದೆ.

ಕೂಗಿಗೆ ಓಣಿಯವರು ಸೇರಿದರು. ಹತ್ತು ನಿಮಿಷದಲ್ಲಿ ನನ್ನ ಸೋದರಮಾವ ಯಂಕಣ್ಣ ಬಂದು ಜಗುಲಿಯಲ್ಲಿ ಕೂತಾಗಿತ್ತು. ನೀವು ಲಕ್ಷ್ಮಿಕಾಂತನ ಜೊತೆ ನೂಲಿನ ಗಂಟು ಹೊತ್ತು ಬಂದಿರಿ. ಅಷ್ಟರಲ್ಲಿ ನಾನು ಬಾಟಲಿಯ ಕತ್ತು ನೋಡಿದ್ದೆ. ಮೇಣದ ಮುದ್ರೆ ಹಾಗೆಯೇ ಇತ್ತು. ಮಾವನಿಗೂ ತೋರಿಸಿದೆ. ಅಲ್ಲಿಗೆ ಮುಗಿಯಬಹುದಿತ್ತು.

ಮಾವ ಕೇಳಿದರು, "ಕುಡಿದಿಲ್ಲ ಸರಿ. ಮತ್ತ್ಯಾಕ ಇಟ್ಕೊಂಡೀಯಪ್ಪ?"

ನೀವು ಹೇಳಿದಿರಿ, "ನೋಡಾಕ."

ಮಾವನ ನಗು ಶುರುವಾದದ್ದು ಆಗ. "ಚೂಸೇದಾನಿಕಂಟ! ನೋಡಾಕಂತ, ಕೇಳ್ರಪ್ಪಾ! ಇವತ್ತು ನೋಡ್ತಾನ, ನಾಳಿ ಮೂಸ್ತಾನ, ನಾಡದು ಬಾಯಿಗೆ ಹಚ್ತಾನ!" ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು, ಅಳು ಬೆರೆತ ನಗು. ನಾನೂ ನಕ್ಕೆ. ನಗದೆ ಇದ್ದವನು ಲಕ್ಷ್ಮಿಕಾಂತ್ ಒಬ್ಬನೇ.

"ನಗಬ್ಯಾಡ್ರಿ ಮಾವ. ಕಾಗದದಾಗ ಬರದೈತಿ. ಮಲಗಿಸಿಡು, ತಣ್ಣಗ ಇಡು, ಬಟ್ಟಿ ಮುಂದ ಹಿಡಿದು ನೋಡು ಅಂತ. ಸಂಕ್ರಾಂತಿಗೆ ಹೊಸಾ ಹಾಸು ಹೂಡೋವಾಗ ನೋಡೋಣಂತ ಇಟ್ಟಿದ್ದೆ. ಆಕಿನ್ನೇ ಕೇಳ್ರಿ, ಆಕಿನೇ ಓದಿ ಹೇಳ್ಯಾಳ," ಎಂದಿರಿ.

ಎಲ್ಲರೂ ನನ್ನ ಕಡೆ ತಿರುಗಿದರು. ಲಕ್ಷ್ಮಿಕಾಂತ್ ಕೈ ಚಾಚಿ, "ಅಕ್ಕಾ, ಕಾಗದ ತಗೊಂಬರ್ರಿ, ನಾ ಓದ್ತೀನಿ. ನಾಗಭೂಷಣಣ್ಣಂದು ಸುಳ್ಳಾ ಖರೇನಾ ತಿಳೀತೈತಿ," ಎಂದ.

ಕಾಗದ ಒಳಗೆ ನನ್ನ ಪುಸ್ತಕವೊಂದರಲ್ಲಿತ್ತು. ತಂದುಕೊಟ್ಟರೆ ಅವನು ಆ ಹಸಿರು ಎಳೆಯ ಮಾತಿಗೆ ನಿಲ್ಲುತ್ತಿರಲಿಲ್ಲ. ಅದೇ ಪುಟದ ಮುಂದಿನ ಸಾಲಿಗೆ ಹೋಗುತ್ತಿದ್ದ. ಅಷ್ಟೂ ಜನರೆದುರು ನನ್ನ ಎಂಟು ಸಾಲು ಹೊರಬೀಳುತ್ತಿತ್ತು.

ನಾನು ಹೇಳಿದೆ, "ಅಂಥಾದ್ದೇನೂ ಬರದಿಲ್ಲ. ಕಾಗದ ಆವತ್ತೇ ಒಲಿಗೆ ಹಾಕೀನಿ."

ನೀವು ಒಂದು ಸಲ ನನ್ನನ್ನು ನೋಡಿದಿರಿ. ಬೈಯಲಿಲ್ಲ. ಸ್ವಾಮಿಯ ಹೆಸರು ಹಿಡಿದು ಮತ್ತೆ ಆಣೆ ಮಾಡು ಎಂದು ಮಾವ ಪಟ್ಟು ಹಿಡಿದರು. "ಮಾಡಿದ್ದು ಮುರದಿಲ್ಲ. ಇನ್ನೊಂದು ಯಾಕ ಮಾಡ್ಲಿ," ಎಂದಿರಿ. ಆಮೇಲೆ ನನಗೊಬ್ಬಳಿಗೇ ಕೇಳುವ ಹಾಗೆ, "ಓದಿದಾಕಿ ನೀನು, ಕೇಳಿದಾಂವ ನಾನು. ಮೂರನೇದವ್ರಿಗೆ ಹೆಂಗ ತಿಳೀಬೇಕು ಬಿಡು," ಎಂದಿರಿ. ಮರುದಿನ ಆದೋನಿಯ ಬಸ್ಸು ಹತ್ತಿದಿರಿ. ಹತ್ತಿ ಮಿಲ್ಲಿನಲ್ಲಿ ಮೂಟೆ ಹೊಲಿಯುವ ಕೆಲಸಕ್ಕೆ ಸೇರಿದ್ದು ಆಮೇಲೆ ಭಾಗ್ಯಳಿಂದ ತಿಳಿಯಿತು. ಒಂದು ಗಂಟೆಯ ದಾರಿ, ಏಳು ವರ್ಷ.

ಮೊನ್ನೆ ಗುರುವಾರ ಅಂದು ಇದ್ದವರನ್ನೆಲ್ಲ ಅದೇ ಜಗುಲಿಗೆ ಕರೆದೆ. ಮಾವ ಈಗ ಕೋಲು ಹಿಡಿದು ಬರುತ್ತಾರೆ. ಹಳೆಯ ಕಾಗದವನ್ನು ಲಕ್ಷ್ಮಿಕಾಂತನ ಕೈಗೆ ಕೊಟ್ಟು, ಮೊದಲಿನಿಂದ ಕೊನೆಯವರೆಗೆ ಓದಿಸಿದೆ. ನಾನು ಬರೆದ ಉತ್ತರವನ್ನೂ ಹೇಳಿದೆ. ಅವನು ಓದಿ ಮುಗಿಸಿ, ಮಡಚಿ, ನನಗೆ ಕೊಡದೆ ಅತ್ತೆಯ ಕೈಗೆ ಕೊಟ್ಟ. ಮಾವ, "ಹಂಗಾದ್ರ ಆವತ್ತು ನಾವು ನಕ್ಕಿದ್ದು?" ಎಂದರು. ಅತ್ತೆ ಎದ್ದು ಒಳಗೆ ಹೋಗುತ್ತ, "ನನ್ನ ಕಾಲು ಮುರಿದಿದ್ರ ಚಲೋ ಇತ್ತವ್ವಾ. ನನ್ನ ಮಗನ್ನ ನೋಡಿ ನಾನೂ ನಕ್ಕೆ," ಎಂದರು. ಅಂದಿನಿಂದ ನನ್ನ ಕೈಯ ಊಟ ಮಾಡುತ್ತಾರೆ, ಮಾತಾಡುವುದಿಲ್ಲ. ನನ್ನ ಜೊತೆಯಲ್ಲೇ ಉಳಿದಿದ್ದಾರೆ ಎಂಬುದಷ್ಟೇ ಸಾಕು.

ನೀವು ವಾಪಸು ಬನ್ನಿ ಎಂದು ಕೇಳಲು ಈ ಕಾಗದ ಬರೆಯುತ್ತಿಲ್ಲ. ಹಾಗೆ ಕೇಳುವ ಬಾಯಿ ನನಗಿಲ್ಲ. ಕ್ಲೇರ್‌ಳಿಗೆ ಏನು ಉತ್ತರ ಬರೆಯಬೇಕೋ ಅದನ್ನು ಹೇಳಿ ಕಳಿಸಿ. ಆರು ಬಟ್ಟೆ ನೇಯುತ್ತೀರೋ ಇಲ್ಲವೋ, ಬಣ್ಣ ನೋಡಿದಿರೋ ಇಲ್ಲವೋ, ಯಾರಿಂದ ನೋಡಲಾಗಲಿಲ್ಲವೋ, ನೀವು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ. ನಂಬಿಕೆ ಇಲ್ಲದಿದ್ದರೆ ಲಕ್ಷ್ಮಿಕಾಂತನ ಕೈಯಲ್ಲಿ ಬರೆಸಿ, ನಾನು ಬೇಸರಪಡುವುದಿಲ್ಲ. ಮಗ್ಗದ ಕುಣಿ ಮುಚ್ಚಿಸಿಲ್ಲ. ನಿಮ್ಮ ಲಾಳಿ ಗೂಡಿನಲ್ಲಿದೆ.

ಬಾಟಲಿಯನ್ನೂ ಆ ಬಟ್ಟೆಯ ತುಂಡನ್ನೂ ಲಕ್ಷ್ಮಿಕಾಂತನ ಕೈಯಲ್ಲಿ ಈ ಕಾಗದದ ಜೊತೆಗೇ ಕಳಿಸಿದ್ದೇನೆ. ಮುದ್ರೆ ಒಡೆದಿಲ್ಲ. ಒಂದು ಗಾಜಿನ ಲೋಟವನ್ನೂ ಇಟ್ಟಿದ್ದೇನೆ. ಅದು ನಿಮ್ಮದು, ನಿಮಗೆ ಬೇಕಾದಾಗ ನೋಡಿ.

ಇಂತಿ,
ನಿಮ್ಮ ಕಾಗದವನ್ನು ಪೂರ್ತಿ ಓದದೆ ಹೋದ
ರಾಮಲಕ್ಷ್ಮಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನೀವು ಹೋದ ದಿನ ಬಾಟಲಿಯನ್ನು ಕುಣಿಗೆ ವಾಪಸು ಇಡದೆ, ಬಟ್ಟೆ ಸುತ್ತಿದ ಹಾಗೆಯೇ, ಬಿಸಿಲಿಗೆ ಕಾಯುವ ತಗಡಿನ ಕೋಣೆಯ ಅಲ್ಮಾರದ ಮೇಲೆ ನಿಲ್ಲಿಸಿದೆ. ಏಳು ಬೇಸಿಗೆ ಅಲ್ಲೇ ಇತ್ತು. ಎರಡನೆಯ ಬೇಸಿಗೆಯಲ್ಲಿ ಬಿರಡೆ ಉಬ್ಬಿ, ಮೇಣದ ಸಂದಿಯಿಂದ ಒಂದಿಷ್ಟು ಜಿನುಗಿ ನಿಮ್ಮ ಬಟ್ಟೆಗೆ ಇಳಿದಿತ್ತು. ಮೂರು ಸಲ ಒಗೆದೆ, ಕಲೆ ಹೋಗಲಿಲ್ಲ. ನೀವು ನೋಡಬೇಕೆಂದಿದ್ದ ಬಣ್ಣ ಆ ಬಟ್ಟೆಯ ಮೇಲೆ ಇದೆ, ಆದರೆ ಅದು ಒಣಹುಲ್ಲಿನದಲ್ಲ, ಹಸಿರೂ ಇಲ್ಲ. ಹಳೆಯ ಚಹಾದ ಬಣ್ಣ. ಲೋಟಕ್ಕೆ ಹಾಕಿದರೂ ಅದೇ ಕಾಣುತ್ತದೆ. ಕೆಡುತ್ತಿದೆಯೆಂದು ನನಗೆ ಆಗಲೇ ತಿಳಿದಿತ್ತು. ಕುಣಿಗೆ ಹತ್ತು ಹೆಜ್ಜೆ. ಆದರೂ ಅಲ್ಲಿ ಮಲಗಿಸಲಿಲ್ಲ. ಮಲಗಿಸಿದ್ದರೆ ಅಂದು ಕಾಗದದ ಬಗ್ಗೆ ನೀವು ಹೇಳಿದ್ದೇ ಸರಿ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು.